ಓಡುವ ಮಗನಿಗೆ ರಾಗಿ ಸರಿ, ಗಿರಣಿ ನೋಡಿ

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರು. ಅಷ್ಟು ದೂರ ಹವ್ಯಾಸಕ್ಕೆಂದು ಓಡುವ ನಿಮ್ಮ ಮಗನಿಗೆ ಚಪಾತಿ ತಿಂದಾಗಲೆಲ್ಲ ಹೊಟ್ಟೆಯುಬ್ಬರ, ಭೇದಿ, ಜೊತೆಗೆ ರಕ್ತಹೀನತೆಯೂ ಕಾಡುತ್ತಿದ್ದರೆ ಸೋಮಾರಿ ಎಂದು ಗದರಬೇಡಿ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಕೆಲವರ ಸಣ್ಣ ಕರುಳನ್ನು ಕೆಡಿಸುತ್ತದೆ. ಉಂಡ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಮೊದಲು ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ಮುನ್ನವೇ ಗೋಧಿ ಬಿಟ್ಟರೆ ರೋಗ ಪತ್ತೆಯಾಗದೆ ಹೋಗಬಹುದು.

ಖಚಿತವಾದರೆ ಜೀವಮಾನವಿಡೀ ಗೋಧಿ ವರ್ಜ್ಯ. ಅರಸೀಕೆರೆ ಸೀಮೆಯವರಿಗೆ ಇದೇನು ಮಹಾ ಕಷ್ಟ? ರಾಗಿ, ಅಕ್ಕಿ, ಜೋಳ, ನವಣೆ, ಸಾಮೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಓಟಕ್ಕೆ ಮುನ್ನ ರಾಗಿ ಗಂಜಿ, ಬಂದ ಮೇಲೆ ಮುದ್ದೆ, ಹುರುಳಿ ಸಾರು ಕೊಡಿ.

ತೊಡಕಿರುವುದು ಹಿಟ್ಟಿನ ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ ಗೋಧಿ ಹಿಟ್ಟೂ ಬೆರೆತು ಬರುತ್ತದೆ. ಮನೆಯಲ್ಲಿ ಬೀಸುವ ಕಲ್ಲಿದ್ದರೆ ಅದನ್ನೇ ಹೊರತೆಗೆಯಿರಿ. ಅಂಗಡಿಯ ಇಂಗಿಗೂ ಸಾಮಾನ್ಯವಾಗಿ ಗೋಧಿ ಹಿಟ್ಟು ಸೇರಿಸಿರುತ್ತಾರೆ. ಒಗ್ಗರಣೆಗೆ ಬೆಳ್ಳುಳ್ಳಿ ಸಾಕು.