ಸೋರದೆ ಉಸಿರಾಡುವ ಮರ

ಫ್ರಾನ್ಸಿನ ಬರ್ಗಂಡಿ ಸೀಮೆಯ ಮರ್ಸೋ ಊರಿನಲ್ಲಿ ವೈನಿನ ಲೆಕ್ಕ ನಡೆಯುವುದೇ ಪೀಪಾಯಿಯಲ್ಲಿ. ಒಂದು ಪೀಪಾಯಿ ಎಂದರೆ 228 ಲೀಟರ್, ಸುಮಾರು 300 ಬಾಟಲಿ. 1804ರ ನೆಪೋಲಿಯನ್ ಸಂಹಿತೆ ಆಸ್ತಿಯನ್ನು ಮಕ್ಕಳಿಗೆ ಸಮನಾಗಿ ಹಂಚಬೇಕೆಂದಿತು. ಅಲ್ಲಿಂದೀಚೆಗೆ ದ್ರಾಕ್ಷಿ ತೋಟಗಳು ತಲೆಮಾರಿಗೊಮ್ಮೆ ತುಂಡಾಗುತ್ತ ಬಂದು, ಎಷ್ಟೋ ಮನೆತನಗಳಿಗೆ ಒಂದು ತಾಕಿನಲ್ಲಿ ಕೆಲವೇ ಸಾಲು ಬಳ್ಳಿ ಉಳಿದಿದೆ. ಆ ಸಾಲುಗಳ ಶಾರ್ಡೊನೆ ಹಣ್ಣಿನ ರಸಕ್ಕೆ ಎರಡು ಮೂರು ಪೀಪಾಯಿ ಸಾಕು. ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಅಷ್ಟನ್ನೇ ಸುರಿದರೆ ಮೇಲೆಲ್ಲ ಗಾಳಿ. ಗಾಳಿ ಹೆಚ್ಚಾದಲ್ಲಿ ಬಿಳಿ ವೈನ್ ಕೆಡುತ್ತದೆ. ಸಣ್ಣ ಹಿಡುವಳಿಗೆ ಪೀಪಾಯಿ ಹೇಳಿ ಮಾಡಿಸಿದ ಅಳತೆ.

ಆದರೆ ಅದನ್ನು ಬರೀ ಪಾತ್ರೆ ಎನ್ನಲು ನನಗೆ ಮನಸ್ಸಿಲ್ಲ. ಚಲಿಸುವ ಒಂದು ಭಾಗವೂ ಇಲ್ಲದ ಯಂತ್ರ ಅದು. ಹಲಗೆ ಹಲಗೆಯ ನಡುವೆ ಮೊಳೆಯಿಲ್ಲ, ಅಂಟಿಲ್ಲ. ಆದರೂ ದ್ರವ ಸೋರಬಾರದು, ಗಾಳಿ ಮಾತ್ರ ಎಳೆಯಷ್ಟು ಒಳಗೆ ಬರಬೇಕು.

ಈ ಗುಣ ಮರದಿಂದಲೇ ಬರುತ್ತದೆ. ಪೀಪಾಯಿಗೆ ಹೆಸರಾದ ತ್ರೋನ್ಸೆ ಕಾಡನ್ನು 17ನೇ ಶತಮಾನದಲ್ಲಿ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ಕಾಯ್ದಿರಿಸಿದ್ದು ಯುದ್ಧನೌಕೆಗಳ ಮರಕ್ಕಾಗಿ. ಅಲ್ಲಿ ಓಕ್ ಮರಗಳು ಒತ್ತೊತ್ತಾಗಿ, ನೆಟ್ಟಗೆ, ನಿಧಾನವಾಗಿ ಬೆಳೆಯುತ್ತವೆ. ದಿಮ್ಮಿಯನ್ನು ಗರಗಸದಿಂದ ಕೊಯ್ಯದೆ ಎಳೆಯ ಗುಂಟ ಸೀಳುತ್ತಾರೆ. ಕಾಂಡದ ನಡುವಿನಿಂದ ತೊಗಟೆಯ ಕಡೆಗೆ ಕಿರಣಗಳ ಹಾಗೆ ಹಾಯುವ ಅಗಲವಾದ ಜೀವಕೋಶದ ಪಟ್ಟಿಗಳು ಓಕ್‌ನ ವಿಶೇಷ. ಸೀಳಿದ ಹಲಗೆಯಲ್ಲಿ ಈ ಪಟ್ಟಿಗಳು ವೈನಿಗೆ ಅಡ್ಡಗೋಡೆಗಳಂತೆ ನಿಲ್ಲುತ್ತವೆ. ನೀರೇರುವ ನಾಳಗಳೂ ತುಂಡಾಗುವುದಿಲ್ಲ. ಅಮೆರಿಕದ ಬಿಳಿ ಓಕ್‌ನಲ್ಲಿ ನಾಳಗಳಿಗೆ ಟೈಲೋಸ್ ಎಂಬ ಬಿರಡೆ ದಟ್ಟವಾಗಿ ಕಟ್ಟಿಕೊಳ್ಳುವುದರಿಂದ ಅದನ್ನು ಕೊಯ್ಯಬಹುದು. ಫ್ರಾನ್ಸಿನ ಓಕ್‌ಗೆ ಆ ಅನುಕೂಲವಿಲ್ಲ. ಹೀಗೆ ಸೀಳಿದಾಗ ದಿಮ್ಮಿಯ ಕಾಲು ಭಾಗದಷ್ಟು ಮಾತ್ರ ಪೀಪಾಯಿಗೆ ಒದಗುತ್ತದೆ.

ಹಲಗೆಗಳು ಎರಡು ಮೂರು ವರ್ಷ ಬಯಲಿನಲ್ಲಿ ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ತಮ್ಮ ಒಗರನ್ನು ಕಳೆದುಕೊಳ್ಳುತ್ತವೆ. ಆಮೇಲೆ ಬೆಂಕಿ. ತಳವಿಲ್ಲದ ಪೀಪಾಯಿಯ ನಡುವೆ ಓಕ್ ಚೂರುಗಳನ್ನೇ ಉರಿಸುತ್ತಾರೆ. ಕಾದಾಗ ಮರದ ಲಿಗ್ನಿನ್ ಮೆತ್ತಗಾಗಿ ಹಲಗೆ ಮುರಿಯದೆ ಬಾಗುತ್ತದೆ, ಕಬ್ಬಿಣದ ಬಳೆಗಳು ಅದನ್ನು ಹಿಡಿದಿಡುತ್ತವೆ. ಅದೇ ಕಾವಿಗೆ ಲಿಗ್ನಿನ್ ಒಡೆದು ವೆನಿಲಾದ ಪರಿಮಳ ಕೊಡುವ ವೆನಿಲಿನ್ ಹುಟ್ಟುತ್ತದೆ. ಮರದಲ್ಲಿ ಮೊದಲೇ ಇರುವ ಯೂಜಿನಾಲ್ ಲವಂಗದ ವಾಸನೆಯದು, ಲ್ಯಾಕ್ಟೋನ್ ತೆಂಗಿನಕಾಯಿಯದು.

ಹಾಗಾದರೆ ಪೀಪಾಯಿಯಲ್ಲಿ ಹೆಚ್ಚು ದಿನ ಇದ್ದ ವೈನಿಗೆ ಮರದ ವಾಸನೆ ಹೆಚ್ಚು ಎಂದು ಯಾರಿಗಾದರೂ ತೋಚುತ್ತದೆ. ನಡೆಯುವುದು ಹಾಗಲ್ಲ. ರಸವನ್ನು ಹುದುಗುವ ಮೊದಲೇ ಪೀಪಾಯಿಗೆ ತುಂಬಿದರೆ ಯೀಸ್ಟ್ ಜೀವಿಗಳು ವೆನಿಲಿನ್ ಅನ್ನು ವಾಸನೆ ತೀರ ಕಡಿಮೆಯಿರುವ ವೆನಿಲಿಲ್ ಆಲ್ಕೊಹಾಲ್ ಆಗಿ ಮಾರ್ಪಡಿಸುತ್ತವೆ. ಉಕ್ಕಿನ ತೊಟ್ಟಿಯಲ್ಲಿ ಹುದುಗಿಸಿ ಆಮೇಲೆ ಮರಕ್ಕೆ ಸುರಿದ ವೈನಿನಲ್ಲೇ ಮರದ ಅಬ್ಬರ ಹೆಚ್ಚು. ಮರ್ಸೋದಲ್ಲಿ ಮೊದಲಿನಿಂದಲೂ ಪೀಪಾಯಿಯಲ್ಲೇ ಹುದುಗಿಸುವ ರೂಢಿ. ಅದರ ಹಿಂದಿನ ರಸಾಯನಶಾಸ್ತ್ರ ತಿಳಿದದ್ದು ಬಹಳ ತಡವಾಗಿ. ಇನ್ನು ನಾಲ್ಕೈದು ಸಲ ತುಂಬಿ ಖಾಲಿಯಾದ ಪೀಪಾಯಿಯಲ್ಲಿ ಪರಿಮಳ ಬಹುತೇಕ ತೀರಿರುತ್ತದೆ. ಆದರೂ ಅದನ್ನು ಎಸೆಯುವುದಿಲ್ಲ. ಉಸಿರಾಟ ಇನ್ನೂ ನಡೆದಿರುತ್ತದಲ್ಲ!

ಉಸಿರು ಎಂದರೆ ವರ್ಷಕ್ಕೆ ಲೀಟರಿಗೆ ಹತ್ತಾರು ಮಿಲಿಗ್ರಾಂ ಆಮ್ಲಜನಕ, ಮರದ ಮೂಲಕವೂ ಸಂದುಗಳ ಮೂಲಕವೂ. ಕೆಂಪು ವೈನಿನಲ್ಲಿ ಸಿಪ್ಪೆಯಿಂದ ಬಂದ ಟ್ಯಾನಿನ್ ಅದನ್ನು ತಡೆದುಕೊಳ್ಳುತ್ತದೆ. ಸಿಪ್ಪೆ ಬೇರ್ಪಡಿಸಿ ಹಿಂಡಿದ ಬಿಳಿ ವೈನಿಗೆ ಆ ಕಾವಲಿಲ್ಲ. ಅದನ್ನು ಕಾಯುವುದು ಸತ್ತ ಯೀಸ್ಟ್. ಹೊಟ್ಟೆಯುಬ್ಬಿದ ಪೀಪಾಯಿಯ ತಳದಲ್ಲಿ ಕೂತ ಆ ಗಸಿ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ತಾನು ಕರಗುತ್ತ ವೈನಿಗೆ ನುಣುಪು ಕೊಡುತ್ತದೆ. ಜೊತೆಗೆ ಬ್ಯಾಕ್ಟೀರಿಯಾಗಳು ಹಸಿರು ಸೇಬಿನ ಚುರುಕು ಹುಳಿಯನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಗಸಿ ಎಲ್ಲೆಡೆ ಹರಡಲೆಂದು ಮನೆಯವರು ಮೇಲಿನ ಬಾಯಿಯಿಂದ ಕೋಲು ಇಳಿಸಿ ಕದಡುತ್ತಾರೆ. ಮರದ ಮೂಲಕ ಆವಿಯಾಗಿ ಕಡಿಮೆಯಾದಷ್ಟು ವೈನನ್ನು ಆಗಾಗ ಮೇಲೆ ತುಂಬುತ್ತಾರೆ, ಇಲ್ಲವಾದರೆ ಖಾಲಿ ಜಾಗದಲ್ಲಿ ಗಾಳಿ ಸೇರುತ್ತದೆ.

ಈ ತೂಕ ತಪ್ಪಿದರೆ ಏನಾಗುತ್ತದೆಂದು ಬರ್ಗಂಡಿ ನೋವಿನಿಂದಲೇ ಕಲಿತಿದೆ. 1990ರ ದಶಕದ ನಡುವಿನ ಫಸಲುಗಳಿಂದ ಮೊದಲಾಗಿ, ಹತ್ತಾರು ವರ್ಷ ಬಾಳಬೇಕಿದ್ದ ಬಿಳಿ ವೈನುಗಳು ಕೆಲವೇ ವರ್ಷಗಳಲ್ಲಿ ಕಂದಿದವು. ಹೀಗೆ ಕೆಟ್ಟ ವೈನಿನಲ್ಲಿ ಕಾಣುವ ಒಂದು ವಸ್ತು ಸೊಟೊಲಾನ್. ಮೆಂತ್ಯದ ಕಾಳಿಗೆ ಅದರ ವಾಸನೆ ಕೊಡುವ ಅಣುವೂ ಅದೇ. ನಮ್ಮ ಒಗ್ಗರಣೆಗೆ ಹಿತವಾದದ್ದು ಅಲ್ಲಿ ಒಂದು ವರ್ಷದ ದುಡಿಮೆ ಹಾಳಾದ ಗುರುತು. ಕಾರಣ ಹುಡುಕುತ್ತ ಹೋದವರು ಬಾಟಲಿಯ ಬಿರಡೆ, ಗಂಧಕದ ಪ್ರಮಾಣ, ಹಣ್ಣು ಹಿಂಡುವ ರೀತಿ ಎಲ್ಲವನ್ನೂ ಶಂಕಿಸಿದರು. ಕದಡುವಾಗ ಒಳನುಗ್ಗುವ ಗಾಳಿಯೂ ಆ ಪಟ್ಟಿಯಲ್ಲಿತ್ತು. ಮರ್ಸೋದ ಹಲವು ಮನೆತನಗಳು ಈಗ ಆ ಕೋಲನ್ನು ಅಪರೂಪಕ್ಕೆ ಮಾತ್ರ ಕೈಗೆತ್ತಿಕೊಳ್ಳುತ್ತವೆ.