ನಿಮಗಿದು ಗೊತ್ತೆ? ಪಾವ್ ಉಬ್ಬಿಸುವ ಯೀಸ್ಟ್ ಉಣ್ಣುವ ಬಗೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳ ವಡಾಪಾವ್ ಗಾಡಿಗಳಲ್ಲಿ ಸಿಗುವ ಪಾವ್ ಮೆತ್ತಗಿರುವುದು ಯೀಸ್ಟಿನ ದೆಸೆಯಿಂದ. ಸುಮಾರು 5 ಮೈಕ್ರೋಮೀಟರ್ ಅಗಲದ ಈ ಒಂಟಿಕೋಶಕ್ಕೆ ಬಾಯಿಲ್ಲ, ಹೊರಗೆ ಗಟ್ಟಿ ಗೋಡೆ, ಅದರೊಳಗೆ ತೆಳು ಪೊರೆ. ನಾವು ಹಾಕಿದ ಸಕ್ಕರೆಯನ್ನು ಅದು ಇನ್ವರ್ಟೇಸ್ ಕಿಣ್ವದಿಂದ ಪೊರೆಯ ಹೊರಗೇ ಒಡೆಯುತ್ತದೆ. ಹಾಗೆ ಸಿಕ್ಕ ಗ್ಲೂಕೋಸ್, ಪೊರೆಯಲ್ಲಿ ನಾಟಿಕೊಂಡಿರುವ ಸಾಗಣೆ ಪ್ರೋಟೀನುಗಳ ಮೂಲಕ ಒಳಗಿಳಿಯುತ್ತದೆ.

ನಿಜವಾದ ಸೋಜಿಗ ಇನ್ನೊಂದು ದಾರಿಯದು. ಪೊರೆಯೇ ಅಲ್ಲಲ್ಲಿ ಒಳಕ್ಕೆ ಕುಳಿಬಿದ್ದು, ಪುಟ್ಟ ಚೀಲವಾಗಿ ಕಳಚಿ ಕೋಶದೊಳಗೆ ಸೇರುತ್ತದೆ. ಇದೇ ಎಂಡೋಸೈಟೋಸಿಸ್. ಕೋಶದ ಒಳಒತ್ತಡ ಪೊರೆಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಅದನ್ನು ಮೀರಿ ಕುಳಿ ಬೀಳಿಸುವ ಬಲ ಆಕ್ಟಿನ್ ಎಳೆಗಳದು. ಆಕ್ಟಿನ್ ಜಮಾಯಿಸಿದ ಮೇಲೆ ಕೆಲವೇ ಸೆಕೆಂಡುಗಳಲ್ಲಿ ಚೀಲ ಸಿದ್ಧ! ಆಹಾರದ ಪರಿಸ್ಥಿತಿ ಬದಲಾಗಿ ಬೇಡವಾದ ಸಾಗಣೆ ಪ್ರೋಟೀನುಗಳನ್ನೂ ಯೀಸ್ಟ್ ಹೀಗೆಯೇ ಹಿಂದಕ್ಕೆಳೆದು, ವ್ಯಾಕ್ಯೂಲ್ ಎಂಬ ಕೋಶದೊಳಗಿನ ಕೋಣೆಗೆ ಸಾಗಿಸಿ ಕರಗಿಸುತ್ತದೆ.

ಕೋಶದೊಳಗೆ ಇಂಥ ಚೀಲಗಳ ಓಡಾಟವನ್ನು ನಿಯಂತ್ರಿಸುವ ಜೀನುಗಳನ್ನು ಯೀಸ್ಟಿನಲ್ಲೇ ಪತ್ತೆಹಚ್ಚಿದ ರ‍್ಯಾಂಡಿ ಶೆಕ್‌ಮನ್, 2013ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು.