ಕಲಿಕೆಯೊಡನೆ ಕಾಯಕ: ಕಾಲೇಜಿನ ಅಂಗಳದಲ್ಲಿ ಎರಡು ತಾಸಿನ ದುಡಿಮೆ

ಯಡ್ರಾಮಿ ಸೀಮೆಯ ಕರಿಮಣ್ಣಿನ ಹೊಲಗಳಲ್ಲಿ ತೊಗರಿ ಬಿತ್ತನೆ ನಡೆಯುವ ಹೊತ್ತಿಗೇ ಮಕ್ಕಳ ಕಾಲೇಜು ಪ್ರವೇಶದ ದಿನಗಳೂ ಬರುತ್ತವೆ. ಬೀಜ ಗೊಬ್ಬರಕ್ಕೆ ಹಣ ಹೊರಡುವುದು ಯಾವ ಗಂಟಿನಿಂದಲೋ, ಮಗನ ಶುಲ್ಕಕ್ಕೆ, ಮಗಳ ಪುಸ್ತಕಕ್ಕೆ ಹೊರಡಬೇಕಾದದ್ದೂ ಅದೇ ಗಂಟಿನಿಂದ. ತೊಗರಿ ರಾಶಿಯಾಗಿ ಮನೆಗೆ ಕಾಸು ಬರುವುದು ಸಂಕ್ರಾಂತಿಯ ಆಸುಪಾಸಿನಲ್ಲಿ. ನಡುವಿನ ಆರು ತಿಂಗಳು ಒಕ್ಕಲು ಮನೆಯ ಯಜಮಾನನಿಗೆ ಎಂಥವು ಎಂಬುದನ್ನು ನಮ್ಮ ಓದುಗ ಬಾಂಧವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಮಕ್ಕಳ ಓದು ನಿಂತುಹೋಗುವುದು ಬುದ್ಧಿಯ ಕೊರತೆಯಿಂದಲ್ಲ, ಈ ಆರು ತಿಂಗಳ ಕೊರತೆಯಿಂದ.

ಇಂಥದೊಂದು ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಮಗಳು ಯಡ್ರಾಮಿಯಲ್ಲಿ ಪಿಯುಸಿ ಮುಗಿಸಿ, ಜೇವರ್ಗಿ ಮಾರ್ಗವಾಗಿ ಕಲಬುರಗಿಗೆ ಹೋಗಿ, ವಸತಿ ನಿಲಯದಲ್ಲಿದ್ದು ಪದವಿ ಓದುತ್ತಿದ್ದಾಳೆ. ಕಾಲೇಜಿನ ಗ್ರಂಥಾಲಯದಲ್ಲಿ ಸಂಜೆ ಎರಡು ತಾಸು ಪುಸ್ತಕ ಜೋಡಿಸುವ, ದಾಖಲೆ ಬರೆಯುವ ಕೆಲಸವಿದೆ, ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ಅಲ್ಲಿನವರು ಹೇಳಿದ್ದಾರೆ. ಮಗಳು ಹಿಗ್ಗಿನಿಂದ ಮನೆಗೆ ಫೋನು ಮಾಡುತ್ತಾಳೆ. ತಂದೆಯ ಧ್ವನಿ ಗಂಭೀರವಾಗುತ್ತದೆ: "ನಾ ಇನ್ನಾ ಗಟ್ಟಿ ಇದ್ದೀನವ್ವಾ. ನೀ ಯಾಕ ಮಂದಿ ಕೈಯಾಗ ದುಡೀಬೇಕು? ಊರಾಗ ಕೇಳಿದವರು ಏನಂದಾರು?" ತಾಯಿ ಮಾತಾಡುವುದಿಲ್ಲ. ಮಗಳು "ಆಯ್ತು ಯಪ್ಪಾ" ಎಂದು ಫೋನು ಇಡುತ್ತಾಳೆ.

ಆ ತಂದೆಯ ಮಾತಿನಲ್ಲಿರುವುದು ಪ್ರೀತಿಯೇ. ಆದರೆ ಆ ಪ್ರೀತಿ ಮಗಳ ಕೈಯಿಂದ ಏನನ್ನು ಕಸಿದುಕೊಂಡಿತು ಎಂಬುದನ್ನು ಈ ಲೇಖನದಲ್ಲಿ ನಾವು ವಿಚಾರಿಸಬಯಸುತ್ತೇವೆ.

ನಾಚಿಕೆ ಎಲ್ಲಿಂದ ಬಂತು?

ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಶರಣರ ಪರಂಪರೆ ನಮ್ಮದು. ಹಗ್ಗ ಹೊಸೆದು ಬಾಳಿದ ನುಲಿಯ ಚಂದಯ್ಯನವರನ್ನು, ಚೆಲ್ಲಿದ ಅಕ್ಕಿಯನ್ನು ಆಯ್ದು ಕಾಯಕ ನಡೆಸಿದ ಆಯ್ದಕ್ಕಿ ಮಾರಯ್ಯನವರನ್ನು ನಾವು ಶರಣರೆಂದು ನೆನೆಯುತ್ತೇವೆ. ಯಡ್ರಾಮಿಗೆ ಹತ್ತಿರದ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ಒಕ್ಕಲುತನ ಮಾಡಿದವರು. ಅವರ ದಾಸೋಹದ ಹಿಂದೆ ಅವರ ಹೊಲವಿತ್ತು, ಅವರ ಬೆವರಿತ್ತು. ಹೀಗಿರುವಾಗ ನಮ್ಮ ಮನೆಯ ಮಗನೋ ಮಗಳೋ ಕಾಲೇಜಿನಲ್ಲಿ ಎರಡು ತಾಸು ದುಡಿದರೆ ಮನೆತನದ ಮರ್ಯಾದೆ ಹೋಗುವುದೆಂಬ ಅಂಜಿಕೆ ಎಲ್ಲಿಂದ ಬಂದಿತೋ ಕಾಣೆವು. ಓದಿದವನು ಕೈ ಮೈಲಿಗೆ ಮಾಡಿಕೊಳ್ಳಬಾರದು ಎಂಬ ಭಾವನೆ ಶರಣರು ಕಲಿಸಿದ್ದಂತೂ ಅಲ್ಲ.

ಗಡಿಯಾಚೆಯ ಒಂದು ನಿದರ್ಶನ

ಆಳಂದ, ಅಫಜಲಪುರಗಳ ಗಡಿ ದಾಟಿದರೆ ಸೊಲ್ಲಾಪುರ, ಅದರಾಚೆ ಸಾತಾರಾ. ಆ ಸಾತಾರಾ ಸೀಮೆಯಲ್ಲಿ ಈ ವಿಚಾರವನ್ನು ಬಾಳಿ ತೋರಿಸಿದವರು ಕರ್ಮವೀರ ಭಾವುರಾವ್ ಪಾಟೀಲರು. 1887ರಲ್ಲಿ ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಜೈನ ಮನೆತನದಲ್ಲಿ ಜನಿಸಿದ ಇವರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ರಯತ್ ಎಂದರೆ ರೈತ, ಸಾಮಾನ್ಯ ಪ್ರಜೆ. ಮುಂದೆ ಸಾತಾರಾದಲ್ಲಿ ಅವರು ನಡೆಸಿದ ವಸತಿ ನಿಲಯದಲ್ಲಿ ಎಲ್ಲ ಜಾತಿಯ ಬಡಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡರು, ತಾವೇ ದುಡಿದು ತಮ್ಮ ಓದಿಗೆ ಆಸರೆಯಾದರು. ಕೈ ಬರಿದಾದಾಗ ಆ ಮಕ್ಕಳ ಊಟಕ್ಕಾಗಿ ಪಾಟೀಲರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೇ ಬಿಚ್ಚಿಕೊಟ್ಟರು.

ಪಾಟೀಲರ ನಿಲುವು ಸ್ಪಷ್ಟವಾಗಿತ್ತು: ಸ್ವಾವಲಂಬನೆಯಿಂದ ಪಡೆದ ಶಿಕ್ಷಣವೇ ನಿಜವಾದ ಶಿಕ್ಷಣ. 1947ರಲ್ಲಿ ಸಾತಾರಾದಲ್ಲಿ ಅವರು ತೆರೆದ ಛತ್ರಪತಿ ಶಿವಾಜಿ ಕಾಲೇಜಿನಲ್ಲಿ 'ದುಡಿ ಮತ್ತು ಕಲಿ' ಎಂಬ ಯೋಜನೆ ಪದವಿ ವಿದ್ಯಾರ್ಥಿಗಳಿಗೂ ದೊರೆಯಿತು. 1959ರಲ್ಲಿ ಅವರು ಕಾಲವಾದರೂ ಆ ವಿಚಾರ ಕಾಲವಾಗಲಿಲ್ಲ. ಇಂದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯವು ಅವರದೇ ಹೆಸರಿನಲ್ಲಿ ಇಂಥ ಯೋಜನೆಯನ್ನು ನಡೆಸುತ್ತಿದೆ.

ದೂರದ ಅಮೆರಿಕೆಯ ಕೆಂಟಕಿ ರಾಜ್ಯದಲ್ಲಿ 1855ರಲ್ಲಿ ಹುಟ್ಟಿದ ಬೆರಿಯಾ ಕಾಲೇಜು ಎಂಬ ಸಂಸ್ಥೆಯಿದೆ. ಅಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ತಾಸು ಕಾಲೇಜಿನಲ್ಲೇ ದುಡಿಯಬೇಕು. ನಮ್ಮ ಬಂಧುಗಳ ಮಕ್ಕಳು ಅಮೆರಿಕೆಗೆ ಓದಲು ಹೋದಾಗ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ತಟ್ಟೆ ಎತ್ತಿಡುವುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದೇ ಕೆಲಸವನ್ನು ಕಲಬುರಗಿಯಲ್ಲಿ ಮಾಡಿದರೆ ಮುಖ ಮುಚ್ಚಿಕೊಳ್ಳುತ್ತೇವೆ. ಸಮುದ್ರ ದಾಟಿದೊಡನೆ ದುಡಿಮೆಗೆ ಬರುವ ಗೌರವ ನಮ್ಮೂರಲ್ಲೇ ಏಕೆ ಬರಬಾರದು?

ಲಾಭಗಳು ಯಾವುವು?

ಮೊದಲನೆಯದು ಹಣವೇ. ದಿನಕ್ಕೆ 2 ತಾಸು, ವಾರಕ್ಕೆ 5 ದಿನವೆಂದರೆ ನಾಲ್ಕು ವಾರಕ್ಕೆ 40 ತಾಸು. ತಾಸಿಗೆ 50 ರೂಪಾಯಿ ಎಂದಿಟ್ಟುಕೊಂಡರೂ 2,000 ರೂಪಾಯಿ. ಇದರಿಂದ ಮನೆ ನಡೆಯದು. ಆದರೆ ಬಸ್ಸಿನ ಖರ್ಚು, ಪುಸ್ತಕ, ಪರೀಕ್ಷಾ ಶುಲ್ಕಗಳಿಗಾಗಿ ಊರಿಗೆ ಫೋನು ಮಾಡುವುದು ತಪ್ಪುತ್ತದೆ. ತೊಗರಿ ಮಾರುವವರೆಗೆ ಬಡ್ಡಿಯ ಸಾಲ ತರುವುದೂ ತಪ್ಪೀತು. ತಾನು ದುಡಿದ ನೂರು ರೂಪಾಯಿಯನ್ನು ಖರ್ಚು ಮಾಡುವಾಗ ಮಕ್ಕಳ ಕೈ ಹೇಗೆ ಹಿಂಜರಿಯುತ್ತದೆ ಎಂಬುದನ್ನು ತಾಯಂದಿರು ಒಮ್ಮೆ ನೋಡಬೇಕು. ಅಪ್ಪನ ಬೆವರಿನ ಬೆಲೆ ಅಂದು ಅವರಿಗೆ ತಿಳಿಯುತ್ತದೆ.

ಎರಡನೆಯದು ಸುರಕ್ಷತೆ ಮತ್ತು ಸಮಯ. ಪೇಟೆಯ ಅಂಗಡಿಯಲ್ಲಿ ರಾತ್ರಿಯವರೆಗೆ ನಿಲ್ಲುವ ಕೆಲಸ ಬೇರೆ, ಕಾಲೇಜಿನ ಆವರಣದೊಳಗಿನ ಕೆಲಸ ಬೇರೆ. ಇಲ್ಲಿ ಅಲೆದಾಟವಿಲ್ಲ, ಪಾಠದ ವೇಳಾಪಟ್ಟಿ ನೋಡಿಯೇ ಕೆಲಸದ ವೇಳೆ ಗೊತ್ತುಮಾಡಬಹುದು. ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಇದು ಸಣ್ಣ ಸಮಾಧಾನವಲ್ಲ. ಅಲೆಕ್ಸಾಂಡರ್ ಆಸ್ಟಿನ್ ಎಂಬ ಅಮೆರಿಕದ ಶಿಕ್ಷಣ ತಜ್ಞರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಭೇದವನ್ನೇ ಗುರುತಿಸಿದ್ದಾರೆ. ಆವರಣದೊಳಗೆ ಅಲ್ಪಕಾಲ ದುಡಿಯುವವರು ಪದವಿ ಮುಗಿಸುವ ಸಂಭವ ಹೆಚ್ಚು. ಹೊರಗೆ ಪೂರ್ಣಾವಧಿ ದುಡಿಯುವವರಿಗೆ ಅದೇ ದುಡಿಮೆ ಅಡ್ಡಿಯಾಗುತ್ತದೆ.

ಮೂರನೆಯದು ಗುರುಹಿರಿಯರ ಪರಿಚಯ. ಹಳ್ಳಿಯಿಂದ ಬಂದ ವಿದ್ಯಾರ್ಥಿ ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು, ಒಬ್ಬ ಅಧ್ಯಾಪಕರೊಡನೆಯೂ ಮಾತಾಡದೆ ಪದವಿ ಪಡೆದು ಹೋಗುವುದುಂಟು. ಗ್ರಂಥಾಲಯದಲ್ಲಿ, ಪ್ರಯೋಗಾಲಯದಲ್ಲಿ, ಕಚೇರಿಯಲ್ಲಿ ದುಡಿಯುವವನ ಹೆಸರು ಅಲ್ಲಿನ ಹಿರಿಯರಿಗೆ ಗೊತ್ತಿರುತ್ತದೆ. ಮುಂದಿನ ಓದಿಗೆ ಯಾವ ಅರ್ಜಿ ಹಾಕಬೇಕು, ಯಾವ ಶಿಷ್ಯವೇತನದ ಗಡುವು ಎಂದು ಎಂಬ ಮಾತು ಅವನ ಕಿವಿಗೆ ಮೊದಲು ಬೀಳುತ್ತದೆ.

ನಾಲ್ಕನೆಯದು ಕೆಲಸದ ಶಿಸ್ತು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371 ಜೆ ವಿಧಿಯು ಕಲ್ಯಾಣ ಕರ್ನಾಟಕದ ನಮ್ಮ ಮಕ್ಕಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಿನ ಬಾಗಿಲನ್ನು ತೆರೆದಿದೆ. ಬಾಗಿಲು ತೆರೆದರೆ ಸಾಲದು, ಒಳಗೆ ಹೋಗಿ ನಿಲ್ಲುವ ಕಸುವೂ ಬೇಕು. ಹೇಳಿದ ವೇಳೆಗೆ ಬರುವುದು, ಲೆಕ್ಕ ಬರೆದಿಡುವುದು, ಅಪರಿಚಿತರೊಡನೆ ವಿನಯದಿಂದ ಮಾತಾಡುವುದು, ತಪ್ಪಾದಾಗ ಒಪ್ಪಿಕೊಳ್ಳುವುದು ಇವು ಪಠ್ಯಪುಸ್ತಕದಲ್ಲಿಲ್ಲ. ಇವನ್ನು ಕಲಿಸುವುದು ಕೆಲಸವೇ.

ಮಿತಿಯೂ ಇರಲಿ

ಆದರೆ ಓದು ಮೊದಲು, ದುಡಿಮೆ ಅನಂತರ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನೆನಪಾಗುತ್ತದೆ. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆಂದು ಆ ತಾಯಿ ಹಿಂದಿರುಗಿಸಲು ಹೇಳಿದರು. ದುಡಿಯುವ ವಿದ್ಯಾರ್ಥಿಗೂ ಈ ಎಚ್ಚರ ಬೇಕು. ಎರಡು ತಾಸು ಮೂರಾಗಿ, ಮೂರು ಐದಾಗಿ, ಪಾಠಕ್ಕೆ ಹಾಜರಾತಿ ತಪ್ಪಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ವಿದೇಶೀ ವಿದ್ಯಾರ್ಥಿಗಳು ಪಾಠಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ತಾಸಿಗಿಂತ ಹೆಚ್ಚು ದುಡಿಯಬಾರದೆಂದು ಅಮೆರಿಕೆಯೇ ಮಿತಿ ಹಾಕಿದೆ. ನಮ್ಮ ಮಕ್ಕಳಿಗೆ 10 ತಾಸು ಸಾಕು. ಪರೀಕ್ಷೆಯ ತಿಂಗಳು ಅದೂ ಬೇಡ.

ಸಂಸ್ಥೆಗಳಿಗೂ ಮಿತಿಯಿದೆ. ಮಾಡಿದ ಕೆಲಸಕ್ಕೆ ತಕ್ಕ ಸಂಬಳ ತಿಂಗಳಿಗೆ ಸರಿಯಾಗಿ ಸಲ್ಲಬೇಕು. ವಿದ್ಯಾರ್ಥಿಯನ್ನು ಅಧ್ಯಾಪಕರ ಮನೆಗೆಲಸಕ್ಕೆ ಕಳಿಸಬಾರದು. ಕಾಯಂ ನೌಕರನ ಅನ್ನ ತೆಗೆದು ಅಗ್ಗದ ಕೂಲಿಗೆ ವಿದ್ಯಾರ್ಥಿಯನ್ನು ನಿಲ್ಲಿಸುವುದು ಕಾಯಕವಲ್ಲ, ಶೋಷಣೆ.

ನಾವು ಮಾಡಬೇಕಾದದ್ದು

ನಮ್ಮ ಭಾಗದಲ್ಲಿ ವಿದ್ಯಾಸಂಸ್ಥೆಗಳಿಗೆ ಬರವಿಲ್ಲ. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳುತನದಲ್ಲಿ ಹುಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯಿದೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಮಠಗಳು ನಡೆಸುವ ಶಾಲೆ ಕಾಲೇಜುಗಳಿವೆ. ಇಂಥ ಆವರಣಗಳಲ್ಲಿ ಪುಸ್ತಕ ಜೋಡಿಸುವುದು, ಗಣಕಯಂತ್ರದಲ್ಲಿ ದಾಖಲೆ ತುಂಬುವುದು, ಪ್ರಯೋಗಾಲಯ ಸಜ್ಜುಗೊಳಿಸುವುದು, ತೋಟದ ಆರೈಕೆ, ಪ್ರವೇಶದ ದಿನಗಳಲ್ಲಿ ಹಳ್ಳಿಯಿಂದ ಬಂದವರಿಗೆ ಅರ್ಜಿ ತುಂಬಿಕೊಡುವುದು, ಕಣ್ಣು ಕಾಣದ ಸಹಪಾಠಿಗೆ ಪಾಠ ಓದಿ ಹೇಳುವುದು ಹೀಗೆ ಎಷ್ಟೋ ಕೆಲಸಗಳನ್ನು ವಿದ್ಯಾರ್ಥಿಗಳಿಗೆ ವಹಿಸಬಹುದು. ಆಡಳಿತ ಮಂಡಳಿಗಳಲ್ಲಿರುವ ಹಿರಿಯರು ತಮ್ಮ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಬೇಕೆಂದು ನಾವು ಕೋರುತ್ತೇವೆ. ಜಾತ್ರೆಯ ದಿನ ದಾಸೋಹಕ್ಕೆ ಧಾನ್ಯ ಕಳಿಸುವ ದಾನಿಗಳು, ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ದುಡಿಮೆಯ ಸಂಬಳವನ್ನು ಕಾಲೇಜಿಗೆ ಕಟ್ಟಿದರೆ ಅದೂ ದಾಸೋಹವೇ. ಪಡೆಯುವವನು ಅಲ್ಲಿ ಕೈಚಾಚುವುದಿಲ್ಲ, ದುಡಿದು ಪಡೆಯುತ್ತಾನೆ.

ಇನ್ನು ನಮ್ಮ ಆ ತಂದೆಯ ಮಾತು. ಊರಿನವರು ಏನಂದಾರು ಎಂಬುದು ಅವರ ಅಂಜಿಕೆ. ಊರಿನವರು ನಾಲ್ಕು ದಿನ ಅಂದಾರು, ಸುಮ್ಮನಾದಾರು. ಆದರೆ ಮಗಳು ಮೊದಲ ತಿಂಗಳ ಸಂಬಳದಲ್ಲಿ ಪರೀಕ್ಷಾ ಶುಲ್ಕ ಕಟ್ಟಿ, ಉಳಿದದ್ದರಲ್ಲಿ ಅವ್ವನಿಗೊಂದು ಕುಪ್ಪಸದ ಖಣ ತಂದು ಕೈಯಲ್ಲಿಟ್ಟ ದಿನ ಆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ತಾಯಂದಿರೇ ಊಹಿಸಬಲ್ಲರು. ಈ ಸಲ ಮಗಳ ಫೋನು ಬಂದರೆ ಆ ತಂದೆ "ವೇಳೆಗೆ ಸರಿಯಾಗಿ ಹೋಗವ್ವಾ, ಓದು ಬಿಡಬ್ಯಾಡ" ಎಂದು ಹೇಳಲಿ. ಇಷ್ಟೇ ನಮ್ಮ ಬಿನ್ನಹ.